ನಡುವಿನೆಳೆ ಮುಟ್ಟದ ವಳ್ಳಿಯಮ್ಮ

ಸೇಲಂನ ಗುಗೈ ಬೀದಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಕಾರ್ತಿಕಾ ಎಂಬ ನೇಕಾರ ಹೆಣ್ಣುಮಗಳ ನಡುಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಎಳೆ ಕೂಡಿಸಲು ಬಂದು, ಮಗ್ಗದ ಹಿಂದೆ ಕಾಲು ಮಡಿಚಿ ಕೂತ ವಳ್ಳಿಯಮ್ಮ, ನೂಲು ಜಾರದಿರಲೆಂದು ತೆಂಗಿನ ಚಿಪ್ಪಿನಲ್ಲಿರುವ ಬೂದಿಗೆ ಬೆರಳು ಅದ್ದುತ್ತಾರೆ. ಮುಗಿದುಹೋದ ಹಾಸಿನ, ಎಂದರೆ ಮಗ್ಗದ ಉದ್ದನೆಯ ನೂಲಿನ, ಎಳೆಯೊಂದು, ಹೊಸ ಹಾಸಿನ ಎಳೆಯೊಂದು, ಎರಡನ್ನೂ ಸೇರಿಸಿ ಹಿಡಿದು ಒಮ್ಮೆ ಹೊಸೆಯುತ್ತಾರೆ. ಎಳೆ ಕೂಡಿತು, ಗಂಟಿಲ್ಲ, ಗುರುತೂ ಇಲ್ಲ. ಕಣ್ಣು ಮುಂದಿನ ಎಳೆಗೆ ಹೋಗುವ ಮೊದಲೇ ಬೆರಳು ಅಲ್ಲಿಗೆ ಹೋಗಿರುತ್ತದೆ.

ಸೀರೆ ಉಟ್ಟವರಿಗೆ ನೇಯ್ದವರ ಹೆಸರೇ ಗೊತ್ತಿರುವುದಿಲ್ಲ, ಇನ್ನು ಎಳೆ ಕೂಡಿಸಿದವರನ್ನು ಯಾರು ಕೇಳುತ್ತಾರೆ! ಆದರೆ ಹಾಸು ಮುಗಿದ ಮಗ್ಗಕ್ಕೆ ಹೊಸ ಹಾಸನ್ನು ಹೀಗೆ ಒಂದೊಂದೇ ಎಳೆಯಾಗಿ ಕೂಡಿಸದಿದ್ದರೆ ಲಾಳಿ ಓಡುವುದಿಲ್ಲ. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಕೂತರೆ ಏಳುವ ಹಾಗಿಲ್ಲ. ವಳ್ಳಿಯಮ್ಮನ ಬೆನ್ನು ಆ ಕೆಲಸದ ಆಕಾರಕ್ಕೇ ಬಾಗಿದೆ, ಬೆರಳ ತುದಿಯ ಗೆರೆ ಸವೆದುಹೋಗಿದೆ. "ರೇಷನ್ ಅಂಗಡೀಲಿ ಬೆರಳು ಇಟ್ರೆ ಮಿಷಿನ್ನು ನನ್ನ ನಾನು ಅಂತ್ಲೇ ಒಪ್ಪಲ್ಲ" ಎಂದು ನಗುತ್ತಾರೆ.

ಬಲಗಡೆಯಿಂದ ಅರ್ಧ, ಆಮೇಲೆ ಜಾಗ ಬದಲಿಸಿ ಎಡಗಡೆಯಿಂದ ಅರ್ಧ. ಕೊನೆಗೆ ನಟ್ಟನಡುವೆ ಒಂದೇ ಒಂದು ಎಳೆ ಉಳಿಯುತ್ತದೆ. ಅಲ್ಲಿಗೆ ಬಂದದ್ದೇ ವಳ್ಳಿಯಮ್ಮ ಕೈ ಹಿಂದಕ್ಕೆ ತೆಗೆದು, ಒಳಗೆ ನೋಡಿ ಕೂಗುತ್ತಾರೆ: "ಕಾರ್ತಿಕಾ, ಬಾ ಮಗಾ. ನಿಂದೊಂದು ಬಾಕಿ ಐತೆ."

ಈ ಕೆಲಸ ಒಬ್ಬರದ್ದಲ್ಲ, ಜೋಡಿಯದ್ದು. ಇಬ್ಬರು ಹೆಂಗಸರು ಹಾಸಿನ ಎರಡು ಅಂಚಿನಲ್ಲಿ ಕೂತು, ಕೂಡಿಸುತ್ತ ಕೂಡಿಸುತ್ತ ನಡುವಿಗೆ ಬರಬೇಕು. ನಡುವಿನ ಕೊನೆಯ ಎಳೆಗೆ ಹಳೆಯ ತುದಿಯನ್ನು ಒಬ್ಬಳು, ಹೊಸ ತುದಿಯನ್ನು ಇನ್ನೊಬ್ಬಳು ಹಿಡಿದು ಜೊತೆಯಾಗಿ ಹೊಸೆಯಬೇಕು. ಆಮೇಲೆ ಒಂದು ಚೂರು ಬೆಲ್ಲ ಹಂಚಿಕೊಂಡು ಏಳಬೇಕು. ವಳ್ಳಿಯಮ್ಮನ ಮನೆತನದಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿ ಇದು. ವಳ್ಳಿಯಮ್ಮನಿಗೆ ಜೊತೆಯಾಗಿದ್ದವರು ಬೆನ್ನಿಗೆ ಹುಟ್ಟಿದ ತಂಗಿ ಚೆಲ್ಲಮ್ಮ. ಅವರು ಈಗ ಮೇಟ್ಟೂರಿನಾಚೆ ಕೊಳತ್ತೂರಿನಲ್ಲಿದ್ದಾರೆ. ಅಕ್ಕತಂಗಿಯರ ನಡುವೆ ಮಾತು ನಿಂತು ಒಂದು ತಲೆಮಾರೇ ದಾಟಿದೆ.

ಆ ಚೆಲ್ಲಮ್ಮ ಕಟ್ಟಿದ ಹಾಡೊಂದು ಈಗ ಸೇಲಂ, ಧರ್ಮಪುರಿಯ ಹುಡುಗರ ಫೋನುಗಳಲ್ಲಿ ಗಿಟಾರು, ಡ್ರಮ್ಮುಗಳ ಜೊತೆ ಮೊಳಗುತ್ತಿದೆ. ವಳ್ಳಿಯಮ್ಮನ ಮಗಳ ಮಗಳು ಜೀವಿತಾ 'ಕೆಂಪು ಲಾಳಿ' ಎಂಬ ರಾಕ್ ಬ್ಯಾಂಡಿನ ಹಾಡುಗಾರ್ತಿ. ಬ್ಯಾಂಡಿನ ಬೇರೆಲ್ಲ ಹಾಡು ತಮಿಳಿನವು, ಇದೊಂದೇ ಅವರ ಮನೆಮಾತಾದ ಕನ್ನಡದ್ದು. ಎಳೆ ಕೂಡಿಸುವಾಗ ಅಜ್ಜಿ ಗುನುಗುತ್ತಿದ್ದುದನ್ನು ಕೇಳಿ ಕೇಳಿಯೇ ಅವಳಿಗೆ ಬಾಯಿಪಾಠವಾಗಿತ್ತು:

ಬೂದಿ ತಂದೆ ಒಲೆಯಿಂದ, ಓಡಿ ಬಂದೆ ಬೀದಿಯಿಂದ,
ನಾ ಬರೋ ಮುಂಚೆ ಕೂಡಿತ್ತಲ್ಲ ನಡುವಿನೆಳೆ.
ಕೂಡಿಸಿದ ಕೈಗೆ ಹೂವ ಸುತ್ತಿ,
ಇನ್ನು ನನ್ನ ಹೆಸರ ಕರೀಬೇಡಿ.

ಹಾಡು ಹೊರಬಂದದ್ದೇ ತಡ, ಅರ್ಥ ಹೇಳುವವರಿಗೆ ಬರವಿಲ್ಲ. ವಿಡಿಯೋದ ಕೆಳಗೆ ಒಬ್ಬ 'ನಡುವಿನೆಳೆ ಅಂದರೆ ಕಾವೇರಿ' ಎಂದು ಬರೆದಿದ್ದಾನೆ. ಇನ್ನೊಬ್ಬನಿಗೆ ಅದು ಹೊಕ್ಕುಳಬಳ್ಳಿ. ಬೂದಿ ಅಂದರೆ ವೈರಾಗ್ಯ ಎಂದು ಮೂರನೆಯವನು ಮಾರುದ್ದ ವಿವರಿಸಿದ್ದಾನೆ. ಆದರೆ ಗೆದ್ದದ್ದು ಪ್ರೇಮಿಗಳ ಪಕ್ಷ. ಎಳೆ ಕೂಡಿತು ಎಂದರೆ ಜೀವ ಕೂಡಿತು, ಕೂಡಿದ ಮೇಲೆ ಬೇರೆ ಹೆಸರೇಕೆ! ಈಗ ಕಲ್ಯಾಣ ಮಂಟಪಗಳಲ್ಲಿ ವಧೂವರರು ಕೈ ಹಿಡಿದು ವೇದಿಕೆ ಹತ್ತುವಾಗ ಇದನ್ನೇ ಹಾಕುತ್ತಾರೆ.

ಹಾಗೆ ತಿಳಿದವರನ್ನು ದೂರುವಂತಿಲ್ಲ. ಆ ಅರ್ಥ ಹೇಳಿಕೊಟ್ಟವರು ವಳ್ಳಿಯಮ್ಮನೇ.

"ರೆಕಾರ್ಡಿಂಗಿಗೆ ಮುಂಚೆ ಜೀವಿತಾ ಬಂದು ಕೇಳಿದ್ಲು, 'ಅಜ್ಜಿ, ನೀನು ಗುನುಗೋ ಈ ಪಾಟ್ಟಿಗೆ ಏನು ಅರ್ಥ?' ಅಂತ. ಎಂಗೆ ಏಳೋದು? ವೆಕ್ಕಮಾಯ್ತು. ಮೊಮ್ಮಗಳ ಮುಂದೆ ನಾಚ್ಕೆ. 'ಸುಮ್ಮಾ, ಎರಡು ಮನಸು ಕೂಡಿದ ಆಡು, ಅಷ್ಟೇ' ಅಂದ್ಬುಟ್ಟೆ."

ನಿಜವಾದ ಅರ್ಥ ಬೇರೆಯೇ. ಅದನ್ನು ಹೇಳುವಾಗ ವಳ್ಳಿಯಮ್ಮ ಮುಖ ನೋಡುವುದಿಲ್ಲ, ಚಿಪ್ಪಿನ ಬೂದಿಯನ್ನು ಬೆರಳಲ್ಲಿ ಸರಿ ಮಾಡುತ್ತ ಕೂರುತ್ತಾರೆ. ನಡುವಿನೆಳೆಯನ್ನು ಒಬ್ಬಳೇ ಕೂಡಿಸುವ ಹೊತ್ತು ಒಂದೇ ಒಂದಿದೆ. ಜೊತೆಗಾತಿ ಸತ್ತಾಗ. ಬದುಕಿದ್ದವಳು ಒಬ್ಬಳೇ ಕೂತು ಎರಡೂ ತುದಿ ತಾನೇ ಹಿಡಿದು ಹೊಸೆಯುತ್ತಾಳೆ, ಮಣಿಕಟ್ಟಿಗೆ ಹೂವು ಸುತ್ತಿಕೊಳ್ಳುತ್ತಾಳೆ. ಆ ಮಗ್ಗದ ಹತ್ತಿರ ಸತ್ತವಳ ಹೆಸರನ್ನು ಮತ್ತೆ ಯಾರೂ ಕರೆಯುವುದಿಲ್ಲ.

ಚೆಲ್ಲಮ್ಮನ ಗಂಡ ಕುಪ್ಪಸ್ವಾಮಿಗೆ ಕೊಳತ್ತೂರಿನಲ್ಲಿ ಸೋದರಮಾವನ ಹೊಲ ಮಾಡುವ ಅವಕಾಶ ಸಿಕ್ಕಿತ್ತು. ಸಂಸಾರ ಹೊರಟು ನಿಂತಿತ್ತು. "ಜೊತೆ ಬಿಟ್ಟು ಓಗ್ತಾವ್ಳಲ್ಲ ಅಂತ ನಂಗೆ ಕೋಪಂ" ಎನ್ನುತ್ತಾರೆ ವಳ್ಳಿಯಮ್ಮ. ಇಬ್ಬರೂ ಕೊನೆಯ ಹಾಸು ಕೂಡಿಸಲು ಕೂತರು. ನಡುವಿಗೆ ಬರುವಷ್ಟರಲ್ಲಿ ಬೂದಿ ಮುಗಿಯಿತು. 'ನಡುವಿಂದು ಬಿಟ್ಟಿರು ಅಕ್ಕ, ಮನೆಯಿಂದ ತರ್ತೀನಿ' ಎಂದು ಚೆಲ್ಲಮ್ಮ ಎದ್ದು ಹೋದರು. ಮನೆಯಲ್ಲಿ ಗಂಟುಮೂಟೆ ಕಟ್ಟುತ್ತಿದ್ದರು, ಮಗು ಅಳುತ್ತಿತ್ತು, ತಡವಾಯಿತು. ಚಿಪ್ಪಿನ ತಳದಲ್ಲಿ ಅಂಟಿದ್ದ ಬೂದಿಯನ್ನೇ ಕೆರೆದು ವಳ್ಳಿಯಮ್ಮ ಆ ಎಳೆ ಕೂಡಿಸಿಬಿಟ್ಟರು.

"ಓಡಿ ಬಂದ್ಲು. ಸೆರಗಿನ ತುಂಬ ಬೂದಿ. ಎಳೆ ನೋಡಿದ್ಲು, ನನ್ನ ನೋಡಿದ್ಲು. ಒಂದ್ಮಾತು ಬೈದಿದ್ರೆ ಆಗೋಗ್ತಿತ್ತು. ಬೆಲ್ಲ ಅಲ್ಲೇ ಇತ್ತು, ಮುಟ್ಟಲಿಲ್ಲ. ಓಗ್ಬುಟ್ಲು."

ಆಮೇಲೆ ನೆಂಟರ ಮನೆಯ ಮದುವೆಗೆ ಹೂವು ಕಟ್ಟಲು ಹೆಂಗಸರೆಲ್ಲ ಕೂತಿದ್ದಾಗ ಚೆಲ್ಲಮ್ಮ ಈ ಹಾಡನ್ನು ಮೊದಲ ಸಲ ಹಾಡಿದರು, ಅಕ್ಕನ ಕಡೆ ತಿರುಗಿಯೂ ನೋಡದೆ. ಕೂತವರೆಲ್ಲ ಅದೇ ಮನೆತನದವರು. ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ವಳ್ಳಿಯಮ್ಮ ತಲೆ ತಗ್ಗಿಸಿ ಮಲ್ಲಿಗೆ ಕಟ್ಟುತ್ತಲೇ ಇದ್ದರು. ಅಂದಿನಿಂದ ಆ ಹಾಡು ಅವರ ಬಾಯಿಂದ ಹೋಗಿಲ್ಲ. ಬೈಗುಳವನ್ನೇ ಯಾಕೆ ಗುನುಗುತ್ತೀರಿ ಎಂದರೆ, "ಅವಳ ಕುರಲು, ಅವಳ ದನಿ ಅಂತ ನನ್ನತ್ರ ಇರೋದು ಇದೊಂದೇ" ಎನ್ನುತ್ತಾರೆ.

ಕಳೆದ ವರ್ಷ ಕೊಳತ್ತೂರಿನ ಮದುವೆಯೊಂದರಲ್ಲಿ ಚೆಲ್ಲಮ್ಮನ ಕಿವಿಗೂ ಅದು ಬಿತ್ತು, ಸ್ಪೀಕರಿನಲ್ಲಿ, ಜನ ಕುಣಿಯುತ್ತಿರುವಾಗ. ಅವರು ಊಟ ಮಾಡದೆ ಎದ್ದು ಬಂದರಂತೆ. ಗುಗೈಗೆ ಬರುವ ನೆಂಟರ ಕೈಯಲ್ಲಿ ಒಂದೇ ಮಾತು ಹೇಳಿ ಕಳಿಸಿದರು: 'ನಾನು ಅತ್ತಿದ್ದಕ್ಕೆ ಕುಣಿಯೋ ಅಂಗೆ ಮಾಡಿದ್ಲಾ ನಮ್ಮಕ್ಕ?'

ಆ ಮಾತು ಕೇಳಿದ ದಿನವೇ ವಳ್ಳಿಯಮ್ಮ ಮೊಮ್ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. ಜೀವಿತಾ ಅತ್ತಳು, ಜಗಳವಾಡಿದಳು, ಎರಡು ದಿನ ಅಜ್ಜಿಯ ಮನೆಗೆ ಬರಲಿಲ್ಲ. ಆಮೇಲೆ ಧರ್ಮಪುರಿಯ ಕಾರ್ಯಕ್ರಮದಲ್ಲಿ ಹಾಡುವ ಮುಂಚೆ ನಿಜವಾದ ಅರ್ಥ ಹೇಳಿದಳು. ವಿಡಿಯೋದ ಕೆಳಗೂ ಬರೆದಳು. ಅದರ ಕೆಳಗೆ ಯಾರೋ ಉತ್ತರ ಬರೆದಿದ್ದಾರೆ: 'ಇರಬಹುದು ಅಕ್ಕಾ, ಆದರೆ ನಮಗೆ ಇದು ಮದುವೆ ಹಾಡೇ.' ಮೊನ್ನೆ ಮುಹೂರ್ತದ ದಿನವೂ ಪಕ್ಕದ ಮಂಟಪದಲ್ಲಿ ಅದೇ ಮೊಳಗುತ್ತಿತ್ತು.

"ನಾನು ಏಳಿದ ಸುಳ್ಳಿಗೆ ಈಗ ಕಾಲು ಬಂದೈತೆ. ನಿಜ ಅದರ ಇಂದೆ ಓಡಕ್ಕಾಗ್ತಿಲ್ಲ" ಎನ್ನುತ್ತಾರೆ ವಳ್ಳಿಯಮ್ಮ.

ಒಮ್ಮೆ ಅವರೇ ಹೊರಟಿದ್ದರು. ಮೇಟ್ಟೂರಿನಲ್ಲಿ ಬಸ್ಸು ಬದಲಿಸಿ ಕೊಳತ್ತೂರಿನಲ್ಲಿ ಇಳಿದು, ಬೆಲ್ಲ ಕೊಂಡು, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು. ತಂಗಿಯ ಮನೆ ಕೂಗಿದರೆ ಕೇಳುವಷ್ಟು ಹತ್ತಿರ. ಆ ಕಡೆ ಹೋಗಲಿಲ್ಲ. ಬಂದ ಬಸ್ಸನ್ನೇ ಹತ್ತಿ ವಾಪಸಾದರು. ಆ ಬೆಲ್ಲವನ್ನು ಇರುವೆಗೆ ಹಾಕಿದೆ ಎಂದರು. ಈಗಿರುವ ಆಸೆ ಕೇಳಿದರೆ ದೊಡ್ಡದೇನಿಲ್ಲ: "ಬಂದು ಕೂತು ಒಂದು ಎಳೆ ಕೂಡ್ಸಿದ್ರೆ ಸಾಕು. ಮಾತಾಡದಿದ್ರೂ ಪರವಾಯಿಲ್ಲೆ. ಪಾಟ್ಟಿಗೆ ಅರ್ಥ ಏಳಕ್ಕೆ ಊರೆಲ್ಲ ಐತೆ. ಅದಕ್ಕೆ ಉತ್ತರ ಏಳ್ಬೇಕಾದೋಳು ನಾನೊಬ್ಳೇ."

ಹೊರಗೆ ಬೆಳಕಾಗಿದೆ. ಹಾಲಿನ ಗಾಡಿ ಬಂದು ಹೋಗಿದೆ. ಹಾಸಿನ ನಡುವೆ ಆ ಒಂದು ಎಳೆ ಇನ್ನೂ ಹಾಗೆಯೇ ಜೋತುಬಿದ್ದಿದೆ. ಕೊನೆಗೂ ಒಳಗಿನಿಂದ ಬಂದ ಕಾರ್ತಿಕಾಳ ಕೈಯೆಲ್ಲ ಹಿಟ್ಟು.

"ಇದೊಂದು ಎಳೆಗೆ ಇಷ್ಟೊತ್ತು ಕೂತಿದ್ರಾ ಅಜ್ಜಿ? ನೀವೇ ಕೂಡ್ಸಿರಬಾರ್ದಾ?"

ವಳ್ಳಿಯಮ್ಮ ಹಳೆಯ ತುದಿಯನ್ನು ತಾವು ಹಿಡಿದು, ಬೂದಿಯ ಚಿಪ್ಪನ್ನು ಅವಳತ್ತ ತಳ್ಳುತ್ತಾರೆ.

"ಕೈ ತೊಳ್ಕೊಂಡು ಬಾ ಮಗಾ, ಕಾಯ್ತೀನಿ. ಅವತ್ತು ಕಾಯಲಿಲ್ಲ."