ಅವರೆ ಹಿತುಕಿದ್ದು ಜೀತವಂತೆ

ಗೆಳತಿಯರೇ, ಇನ್ನೂ ಸಿಟ್ಟು ಇಳಿದಿಲ್ಲ. ಬೆಳಿಗ್ಗೆ ಬಾಣಾವರದ ನಮ್ಮ ಮಠದಲ್ಲಿ ದಾಸೋಹಕ್ಕೆಂದು ಹೆಂಗಸರೆಲ್ಲ ಕೂತು ಅವರೆಕಾಳು ಹಿತುಕುತ್ತಿದ್ದೆವು. ಮೇಷ್ಟ್ರ ಸೊಸೆ ತನ್ನ ಉಗುರು ನೋಡಿಕೊಂಡು, "ಒಳ್ಳೆ ಜೀತ ಆಯ್ತಲ್ಲ ನಮ್ದು" ಎಂದು ನಕ್ಕಳು.

ಪಕ್ಕದಲ್ಲಿದ್ದ ನಿಂಗಜ್ಜಿಯ ಕೈ ನಿಂತಿತು. ಎಂಟನೇ ವಯಸ್ಸಿಗೇ ಸಾಹುಕಾರರ ಕೊಟ್ಟಿಗೆಯಲ್ಲಿ ಜೀತಕ್ಕಿದ್ದವರು ಅವರು. ಹೆತ್ತವ್ವ ಸತ್ತಾಗಲೂ ಮನೆಗೆ ಬಿಟ್ಟಿರಲಿಲ್ಲ.

"ಜೀತ ಅಂದ್ರೆ ಏನು ಅಂತ ಗೊತ್ತೇನಮ್ಮ ನಿಂಗೆ? ಅಜ್ಜಿ ಮುಂದೆ ಕೂತು ಅಂತೀಯಲ್ಲ" ಎಂದೆ.

"ತಮಾಷೆಗಂದೆ ಕಣಕ್ಕ. ಒಂದು ಮಾತಿಗೆ ಇಷ್ಟು ರಂಪ ಮಾಡಿದ್ರೆ ನಾನು ಬರಾದೇ ಇಲ್ಲ" ಎಂದವಳೇ ಮೊರ ತಳ್ಳಿ, ಎದ್ದು ಮನೆಗೆ ಹೋದಳು.

ಅವಳ ಮೊರದ ಕಾಳನ್ನೂ ನಿಂಗಜ್ಜಿಯೇ ಹಿತುಕಿದರು. ಅವಳನ್ನು ಅಟ್ಟಿಸಿಕೊಂಡು ಹೋಗಿ ಯಾರೂ ಎಳೆದು ತರಲಿಲ್ಲ. ಹೀಗೆ ಎದ್ದು ಹೋಗಬಹುದಾದದ್ದು ಜೀತವಲ್ಲ ಎಂದು ದಾರಿಯಲ್ಲಾದರೂ ಹೊಳೆದಿದ್ದರೆ ಶಿವನ ದಯೆ.