ಚಕ್ರ ಎಂಟಕ್ಕೆ ವಾಲಿತ್ತು

ಕಾಸರಗೋಡು ಕೇರಳಕ್ಕೆ ಸೇರಿದ ಹೊಸತು. ಆ ಕಡೆಯ ಕುಂಬಳೆಯವನಾದ ನಾನು ಎರ್ನಾಕುಳಂನಲ್ಲಿ ಕೇಂದ್ರ ಸರಕಾರದ ಗುಮಾಸ್ತ. ಅಲ್ಲಿನ ಮೈದಾನದಲ್ಲಿ ವಸ್ತುಪ್ರದರ್ಶನ ನಡೆದಾಗ ಒಂದು ಜೂಜಿನ ಚಕ್ರ ಬಂದಿತ್ತು. ಒಂದಾಣೆ ಇಟ್ಟು ಅಂಕಿ ಹೇಳಬೇಕು. ಚಕ್ರ ಅಲ್ಲೇ ನಿಂತರೆ ಪಿಂಗಾಣಿ ಬಟ್ಟಲೋ ಬಿಸ್ಕತ್ತಿನ ಡಬ್ಬಿಯೋ ನಮ್ಮದು. ಚಕ್ರ ಒಂದಿಷ್ಟು ವಾಲಿ, ಹೆಚ್ಚು ಸಲ ಎಂಟರಲ್ಲೇ ನಿಲ್ಲುವುದನ್ನು ನಾನು ಎರಡು ಸಂಜೆಯಲ್ಲಿ ಕಂಡುಕೊಂಡೆ.

ತಿರುಗಿಸುವವನು ಒಬ್ಬ ಸಣಕಲು ಮನುಷ್ಯ, ಚಕ್ರದ ಯಜಮಾನ ಬೇರೊಬ್ಬ. "ಸಾಮಾನು ಜಾಸ್ತಿ ಹೋದರೆ ನನ್ನನ್ನು ಓಡಿಸುತ್ತಾರೆ ಸಾರ್" ಎಂದು ಮಲಯಾಳದಲ್ಲಿ ಅವನೇ ಹೇಳಿದ್ದ. ಹಾಗಾಗಿ ದಿನಕ್ಕೊಂದೇ ಗೆದ್ದು ತೆಪ್ಪಗೆ ಬರುತ್ತಿದ್ದೆ. ಜೊತೆಗೆ ಬರುತ್ತಿದ್ದ ರೂಮಿನ ಗೆಳೆಯನಿಗೂ "ಎಲ್ಲ ಅದೃಷ್ಟ ಮಾರಾಯ" ಎಂದು ತಿಪ್ಪೆ ಸಾರಿಸುತ್ತಿದ್ದೆ.

ಭಾನುವಾರ ನಾವು ಕನ್ನಡದವರೆಲ್ಲ ಒಟ್ಟಿಗೆ ಉಣ್ಣುವುದು. ಊರಿಂದ ಬಂದ ಹಪ್ಪಳ, ಉಪ್ಪಿನಕಾಯಿಯನ್ನು ಯಾರೂ ಒಬ್ಬರೇ ತಿನ್ನುವಂತಿಲ್ಲ. ಊಟದ ಎಲೆಯ ಮುಂದೆಯೇ ಗೆಳೆಯ ಚುಚ್ಚಿದ: "ಇವನ ಹತ್ತಿರ ಎಂತದೋ ಗುಟ್ಟುಂಟು. ಒಬ್ಬನೇ ನುಂಗ್ತಾನೆ, ಜಿಪುಣ!" ಎಲ್ಲರೂ ನಕ್ಕರು. ನನಗೆ ಮುಖ ಉರಿಯಿತು. ದೊಡ್ಡ ಮನುಷ್ಯನಾಗುವ ಚಪಲ ನೋಡಿ, ಬಾಯಿಬಿಟ್ಟೆ. ಆ ಬಡಪಾಯಿಯ ಮಾತು ನೆನಪಿರಲಿಲ್ಲವೇ? ಥೂ, ನೆನಪಿದ್ದೇ ಹೇಳಿದೆ.

ಆ ಸಂಜೆ ಏಳು ಜನ ಹೋದೆವು. ಇಲ್ಲಿ ಯಾರಿಗೆ ಕನ್ನಡ ಬರುತ್ತದೆ ಎಂಬ ಧೈರ್ಯ ನಮಗೆ ಯಾವಾಗಲೂ. ತಿರುಗಿಸುವವನ ಎದುರಿಗೇ ಕೂಗಿದೆ: "ಎಂಟಕ್ಕೇ ಇಡಿ ಮಾರಾಯ್ರೆ, ಚಕ್ರ ಆ ಕಡೆ ವಾಲಿದೆ!" ಅವನು ಒಮ್ಮೆ ನನ್ನ ಮುಖ ನೋಡಿದ. ಹಿಂದಿನಿಂದ ಜನ "ತಿರುಗಿಸು, ತಿರುಗಿಸು" ಎಂದು ಗದ್ದಲ ಎಬ್ಬಿಸಿದ್ದರು, ತಿರುಗಿಸಿದ. ದೀಪ ಹಚ್ಚುವ ಹೊತ್ತಿಗೆ ಬಹುಮಾನದ ಮೇಜು ಬರಿದಾಗಿತ್ತು. ನನ್ನ ಬೆನ್ನು ತಟ್ಟಿದ್ದೇ ತಟ್ಟಿದ್ದು.

ಮರುದಿನ ಚಕ್ರದ ಬಳಿ ಬೇರೊಬ್ಬನಿದ್ದ. ಆ ಸಣಕಲು ಮನುಷ್ಯ ಬಟ್ಟೆಯ ಗಂಟು ಹಿಡಿದು ಗೇಟಿನ ಹತ್ತಿರ ನಿಂತಿದ್ದ. ನನ್ನನ್ನು ಕಂಡು ಅಚ್ಚ ನಮ್ಮೂರಿನ ಕನ್ನಡದಲ್ಲಿ ಹೇಳಿದ: "ನಾನೂ ಕುಂಬಳೆ ಕಡೆಯವನೇ ಸ್ವಾಮಿ. ಆಫೀಸಿನವರ ಮಾತಿಗೆ ಬಾಯಿ ಹಾಕುವುದು ಎಂತಕ್ಕೆ ಅಂತ ಸುಮ್ಮನಿದ್ದೆ. ನೀವಿಬ್ಬರು ಬಂದು ಮಾತಾಡುವಾಗ ಊರಿಗೆ ಹೋದ ಹಾಗೆ ಆಗ್ತಿತ್ತು."

ತಪ್ಪಾಯಿತು ಎನ್ನಬೇಕಿತ್ತು. ಕನ್ನಡ ನಾಲಗೆಗೆ ಬರಲೇ ಇಲ್ಲ. ಮಲಯಾಳದಲ್ಲಿ ಏನೋ ತೊದಲಿ, ಅವನು ಯಾರೋ ಎಂಬಂತೆ ಬಸ್ಸು ಹತ್ತಿದೆ.