ಬಾಗಲಕೋಟೆಯವರೆಗೆ ಬಂದಿದ್ದ ಅಜ್ಜ

ನಾನು ಚಿಕ್ಕವಳಿದ್ದಾಗ, ಅಂದರೆ ಗುಡೂರಿನ ಸಾಲೆಯಲ್ಲಿ ಮೂರನೆಯ ಇಯತ್ತೆ ಓದುತ್ತಿದ್ದಾಗ, ನಮ್ಮ ಮನೆಯಲ್ಲಿ ಅಜ್ಜ ಇದ್ದೂ ಇರಲಿಲ್ಲ. ಅಪ್ಪ ಇನ್ನೂ ಕೈಗೂಸಾಗಿದ್ದಾಗ ಅಜ್ಜ ಪಲ್ಟನ್ ಸೇರಿ ಬರ್ಮಾದ ಯುದ್ಧಕ್ಕೆ ಹೋದನಂತೆ. ಅಲ್ಲಿಯ ಕಾಡಿನಲ್ಲಿ ಕಳೆದುಹೋದ ಎಂದು ಯಾರದೋ ಬಾಯಿಂದ ಸುದ್ದಿ ಬಂತು, ಅಷ್ಟೇ. ಸತ್ತ ಎಂದು ಯಾರೂ ಹೇಳಲಿಲ್ಲ, ಇದ್ದಾನೆ ಎಂದೂ ಹೇಳಲಿಲ್ಲ. ಅವನದೊಂದು ಪಟ ಕೂಡ ನಮ್ಮ ಮನೆಯಲ್ಲಿರಲಿಲ್ಲ.

ಆಯಿ, ಅಂದರೆ ನಮ್ಮಪ್ಪನ ತಾಯಿ, ಮಾತ್ರ ಹಣೆಗೆ ಕಾಸಿನಗಲ ಕುಂಕುಮ ಇಟ್ಟುಕೊಂಡೇ ಇದ್ದಳು. ಮಹಾನವಮಿ ಅಮಾವಾಸ್ಯೆಗೆ ನಮ್ಮ ಕಡೆ ತೀರಿಹೋದ ಹಿರಿಯರಿಗೆ ಎಡೆ ಇಡುತ್ತೇವಲ್ಲ, ಹೋಳಿಗೆ, ಕಡಬು, ಅವರು ಉಟ್ಟು ಬಿಟ್ಟ ಬಟ್ಟೆ, ಅದರ ಮೇಲೆ ಬೀರಪ್ಪನ ಅರಿಶಿಣಪುಡಿಯ ಭಂಡಾರ? ಆಯಿ ಎಲ್ಲರಿಗೂ ಇಡುತ್ತಿದ್ದಳು, ಅಜ್ಜನಿಗೆ ಮಾತ್ರ ಇಡುತ್ತಿರಲಿಲ್ಲ. ಒಮ್ಮೆ ಎಡೆ ಉಂಡವನು ಆ ಮನೆಯ ಹೊಸ್ತಿಲು ದಾಟಬಾರದು, ದಾಟಿದರೆ ಮನೆಯ ಕೂಸನ್ನು ಜೊತೆಗೆ ಕರೆದೊಯ್ಯುತ್ತಾನೆ ಎಂದು ನಮ್ಮ ಹಿರಿಯರು ನಂಬಿದ್ದರು. "ನಾಳೆ ಬಂದ್ರ ಹೊರಗ ನಿಲ್ಲಸ್ಲೇನು?" ಎಂದು ಆಯಿ ಕೇಳುತ್ತಿದ್ದಳು.

ಆ ವರ್ಷ ಅಕ್ಕನ ಮದುವೆ ಗೊತ್ತಾಯಿತು. ಮದುವೆಗೆ ಮೊದಲು ಐದು ಜನ ಮುತ್ತೈದೆಯರು ಕೂತು ಅರಿಶಿಣ ಕುಟ್ಟಬೇಕು. ಮೊದಲ ಪೆಟ್ಟು ತನ್ನದೇ ಎಂದು ಆಯಿ ಅಕ್ಕ ಹುಟ್ಟಿದ ದಿನದಿಂದ ಹೇಳಿಕೊಂಡು ಬಂದಿದ್ದಳು. ಆದರೆ ಬೀಗರ ಕಡೆಯ ಮುದುಕಿಯೊಬ್ಬಳು ಚಹಾ ಕುಡಿಯುತ್ತ, "ಗಂಡ ಅದಾನೋ ಇಲ್ಲೋ ಗೊತ್ತಿಲ್ಲದಾಕಿ ಒನಕಿ ಮುಟ್ಟೂದು ಬ್ಯಾಡ್ರಿ" ಎಂದುಬಿಟ್ಟಳು. ಆ ಮುದುಕಿಯ ಮೇಲೆ ನನಗೆ ಈಗಲೂ ಸಿಟ್ಟಿದೆ. ಅವಳು ಸತ್ತು ಎಷ್ಟೋ ವರ್ಷವಾಯಿತು, ಸಿಟ್ಟು ಸತ್ತಿಲ್ಲ.

ಆಯಿ ಅಳಲಿಲ್ಲ. ಅಪ್ಪನನ್ನು ಕರೆದು, "ಹೋಗಿ ತಿಳಕೊಂಡು ಬಾ. ಅದಾರಂದ್ರ ಅರಿಶಿಣ ಕುಟ್ಟತೇನಿ. ಇಲ್ಲಂದ್ರ ನನ್ನ ಕುಂಕಮ ನಾನ ಒರಸ್ಕೊಂತೇನಿ" ಎಂದಳು.

ಅಜ್ಜನ ಪಲ್ಟನ್ನಿನಲ್ಲೇ ಇದ್ದ ಸಾಬರೊಬ್ಬರು ಕಲಾದಗಿಯಲ್ಲಿದ್ದಾರೆ ಎಂದು ಬಾಗಲಕೋಟೆಯ ಸಂತೆಯಲ್ಲಿ ಅಪ್ಪನಿಗೆ ಯಾರೋ ಹೇಳಿದ್ದರು. ಮರುದಿನವೇ ಅಪ್ಪ ಹೊರಟ. ನಾನೂ ಬರುತ್ತೇನೆಂದು ಅತ್ತು ಕರೆದು ಗಂಟುಬಿದ್ದೆ. ಬಸ್ಸಿನಲ್ಲಿ ಉಳ್ಳಾಗಡ್ಡಿ ಚೀಲಗಳ ಘಾಟು, ಬೀಡಿಯ ಹೊಗೆ, ಯಾರದೋ ಬುಟ್ಟಿಯೊಳಗಿನ ಕೋಳಿಯ ಗಲಾಟೆ. ಬಾಗಲಕೋಟೆಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದೆವು. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯನ್ನು ನಾನೊಬ್ಬಳೇ ತಿಂದೆ. ಅಪ್ಪ ಒಂದು ತುತ್ತೂ ಮುಟ್ಟದೆ ಕಿಟಕಿಯ ಹೊರಗೆ ನೋಡುತ್ತಿದ್ದ. ತನ್ನಪ್ಪ ಇದ್ದಾನೆ ಎಂಬ ಮಾತು ಕೇಳಲು ಹೊರಟಿದ್ದಾನೋ ಇಲ್ಲ ಎಂಬ ಮಾತು ಕೇಳಲೋ ಎಂದು ಅವನಿಗೂ ಗೊತ್ತಿರಲಿಲ್ಲ.

ಕಲಾದಗಿಯಲ್ಲಿ ಘಟಪ್ರಭಾ ಹೊಳೆಯ ಕಡೆ ಒಂದು ದಾಳಿಂಬರ ತೋಟ. ಬಿಳಿ ಗಡ್ಡದ ಮುದುಕರೊಬ್ಬರು ಗಿಡಗಳಿಗೆ ನೀರು ಬಿಡುತ್ತಿದ್ದರು. ಅಪ್ಪನನ್ನು ಕಂಡವರೇ ಗುದ್ದಲಿ ಕೆಳಗಿಟ್ಟರು. "ಯಾರ ಮಗ ಅಂತ ಕೇಳೂದು ಬ್ಯಾಡ ತಮ್ಮಾ. ಮಾರಿ ನೋಡಿದ್ರ ಗೊತ್ತಾಗ್ತೈತಿ. ಬಾ, ಕುಂಡ್ರು" ಎಂದು ಮರದಡಿಯ ಹೊರಸು ತೋರಿಸಿದರು. ನನ್ನ ಕೈಗೆ ಒಂದು ದಾಳಿಂಬರ ಒಡೆದು ಕೊಟ್ಟರು. ನಾವು ಅವರನ್ನು ಕಾಕಾ ಎಂದೇ ಕರೆದೆವು.

ಕಾಕಾ ಹೇಳತೊಡಗಿದರು. ಅಜ್ಜ ಕಾಡಿನಲ್ಲಿ ಕಳೆದುಹೋಗಿರಲಿಲ್ಲ. ಗುಂಡು ಬಿದ್ದು ಬಲಗೈಯನ್ನು ಮೊಣಕೈಯವರೆಗೆ ತೆಗೆದಿದ್ದರು, ಬಹಳ ದಿನ ದವಾಖಾನೆಯಲ್ಲಿದ್ದ. ಯುದ್ಧ ಮುಗಿದ ಮೇಲೆ ಇಬ್ಬರೂ ಒಂದೇ ಹಡಗಿನಲ್ಲಿ ಬಂದರು, ಒಂದೇ ರೈಲಿನಲ್ಲಿ ಬಾಗಲಕೋಟೆಗೆ ಬಂದು ಇಳಿದರು.

"ಬಾಗಲಕೋಟಿಗೆ?" ಎಂದು ಅಪ್ಪ ಎದ್ದು ನಿಂತ.

ಕೈಯಿಲ್ಲದವನನ್ನು ಒಮ್ಮೆಲೇ ಕಂಡರೆ ಹೆಂಡತಿ ಎದೆ ಒಡೆದುಕೊಂಡಾಳು, ನೀನು ಮೊದಲು ಹೋಗಿ ಹೇಳು ಎಂದು ಅಜ್ಜ ಸ್ಟೇಶನ್ನಿನಲ್ಲೇ ಕೂತು ಕಾಕಾ ಅವರನ್ನು ಗುಡೂರಿಗೆ ಕಳಿಸಿದ. ಅವರು ಬಂದದ್ದು ಮಹಾನವಮಿ ಅಮಾವಾಸ್ಯೆಯ ದಿನ. ನಮ್ಮ ಮನೆಯ ತುಂಬ ಮಂದಿ, ಲೋಬಾನದ ಹೊಗೆ. ಬಾಗಿಲಲ್ಲಿ ನಿಂತು ನೋಡಿದರೆ ಎದುರಿಗೇ ಎಡೆ, ಎಡೆಯ ಮುಂದೆ ಮಣೆ, ಮಣೆಯ ಮೇಲೆ ಭಂಡಾರ ಹಚ್ಚಿದ ಖಾಕಿ ಕೋಟು. ಅಜ್ಜ ಮೊದಲ ಸಲ ರಜೆಗೆ ಬಂದಾಗ ಮನೆಯಲ್ಲಿ ಬಿಟ್ಟು ಹೋಗಿದ್ದ ಪಲ್ಟನ್ನಿನ ಕೋಟು ಅದು. ಕಾಕಾಗೆ ಗುರುತು ಹತ್ತಿತು. ಎಡೆಯ ಪಂಕ್ತಿ ಕೂತಾಗ ಹೊರಗಿನವರು ಕೂಗಿ ಕರೆಯುವ ಪದ್ಧತಿಯಿಲ್ಲ, ಉಣ್ಣುವವರು ನಡುವೆ ಏಳುವಂತೆಯೂ ಇಲ್ಲ. ಅವರು ಒಂದು ಮಾತೂ ಕೇಳದೆ ಬಂದ ದಾರಿಯಲ್ಲೇ ತಿರುಗಿದರು.

"ನಿನಗ ಎಡಿ ಇಟ್ಟಾರ ಅಂತ ಅಂವಗ ಹೇಳಿದೆ. ನನ್ನ ಮಗ ಹೆಂಗದಾನ ಅಂದ. ಪಂಕ್ತ್ಯಾಗ ಕುಂತು ಹೋಳಗಿ ಉಣ್ಣಾಕತ್ತಾನ, ನನ್ನ ನೋಡಿ ನಕ್ಕ ಅಂದೆ. ಹಂಗಾರ ನಾ ಹೋಗೂದು ಬ್ಯಾಡ, ಅಂವ ಚಂದ ಇರ್ಲಿ ಅಂದ."

ಅಪ್ಪ ಕಾಕಾ ಅವರ ಎದುರಿಗೆ ಕುಕ್ಕರಿಸಿದ. "ಕಾಕಾ, ಅದು ನಮ್ಮಪ್ಪನ ಎಡಿ ಅಲ್ರಿ. ಅವರ ಅಪ್ಪನ ಎಡಿ. ಮುತ್ಯಾ ಆ ಕೋಟ ಹಾಕ್ಕೊಂಡ ಕುರಿಹಟ್ಟ್ಯಾಗ ಮಲಗತಿದ್ದ. ಅದ ವರ್ಷ ಸತ್ತ. ಅದಕ್ಕ ಅವನ ಎಡಿ ಮುಂದ ಅದನ್ನ ಇಟ್ಟಿದ್ವಿ."

ಕಾಕಾ ಮೆಲ್ಲಗೆ ಹೊರಸಿನಿಂದ ಇಳಿದು ನೆಲದ ಮೇಲೆ ಕೂತರು. ದೊಡ್ಡವರು ಹಾಗೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ದಾಳಿಂಬರ ನನ್ನ ಬಾಯಲ್ಲೇ ಉಳಿಯಿತು.

ಅಜ್ಜ ಪಟ್ಟದಕಲ್ಲಿನ ಹತ್ತಿರ, ಮಲಪ್ರಭೆಯ ದಂಡೆಯಲ್ಲಿ, ಮಂದಿಯ ಕುರಿ ಕಾಯುತ್ತ ಬದುಕಿದ್ದನಂತೆ. ನಮ್ಮೂರಿನವರ ಗುರುತು ಸಿಕ್ಕರೆ ತಲೆಗೆ ಕಂಬಳಿ ಎಳೆದುಕೊಳ್ಳುತ್ತಿದ್ದನಂತೆ. ಯಾರಿಗೂ ಹೇಳಬೇಡ ಎಂದು ಕಾಕಾ ಅವರಿಂದ ಆಣೆ ಹಾಕಿಸಿಕೊಂಡಿದ್ದ. ಹಿಂದಿನ ವರ್ಷ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಕಾಕಾ ಅವರೇ ಹೋಗಿ ಮಣ್ಣು ಮಾಡಿ ಬಂದಿದ್ದರು. ಅಂದರೆ ಹಿಂದಿನ ವರ್ಷದವರೆಗೂ ಆಯಿಯ ಕುಂಕುಮ ಖರೆಯೇ ಆಗಿತ್ತು.

ತಿರುಗಿ ಬರುವಾಗ ಬಾಗಲಕೋಟೆಯಲ್ಲಿ ಬಸ್ಸಿಗೆ ಇನ್ನೂ ವೇಳೆಯಿತ್ತು. ಅಪ್ಪ ನನ್ನನ್ನು ರೈಲ್ವೆ ಸ್ಟೇಶನ್ನಿಗೆ ಕರೆದುಕೊಂಡು ಹೋದ. ಕಲ್ಲಿನ ಕಟ್ಟೆಯೊಂದರ ಮೇಲೆ ಇಬ್ಬರೂ ಕೂತೆವು. ರೈಲು ಬರಲಿಲ್ಲ, ಯಾರೂ ಇರಲಿಲ್ಲ. ಅಪ್ಪ ಅಲ್ಲಿಯ ನೆಲವನ್ನೇ ನೋಡುತ್ತ ಕೂತ. ನಾನು ಅವನ ಬೆರಳು ಹಿಡಿದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಆಯಿ ಪಡಸಾಲೆಯಲ್ಲಿ ಕೂತಿದ್ದಳು. ಅಪ್ಪ ಅವಳ ಮುಂದೆ ಕೂತು ಒಂದನ್ನೂ ಮುಚ್ಚಿಡದೆ ಹೇಳಿದ. ಸತ್ತ ಸುದ್ದಿಗೆ ಆಯಿ ಅಳಲಿಲ್ಲ. ಬಾಗಲಕೋಟೆಯ ಮಾತಿಗೂ ಅಳಲಿಲ್ಲ. ಕೈಯ ಮಾತು ಬಂದಾಗ ಮಾತ್ರ ಅವಳ ದನಿ ಒಡೆಯಿತು.

"ಕೈ ಇಲ್ಲಂತ ಅಂಜಿದ್ರಾ? ನಾ ಉಣಸ್ತಿದ್ದಿಲ್ಲೇನೋ, ನನ್ನ ಕೈಲೆ?"

ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಹಣೆ ಬರಿದಾಗಿತ್ತು. ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲ. ಅಕ್ಕ ಅವಳನ್ನು ತಬ್ಬಿಕೊಂಡು, ನೀನೇ ಮೊದಲ ಪೆಟ್ಟು ಹಾಕಬೇಕು ಎಂದು ಹಟ ಹಿಡಿದು ಅತ್ತಳು. ಆಯಿ ಕೇಳಲಿಲ್ಲ. ಅರಿಶಿಣ ಕುಟ್ಟುವ ದಿನ ಒಳಗಿನ ಕೋಣೆಯಲ್ಲಿ ಕೂತು ಒನಕೆಯ ಸಪ್ಪಳ ಕೇಳುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಮದುವೆಯ ಮನೆಯಲ್ಲಿ ನನಗೆ ನೆನಪಿರುವುದು ಅದೊಂದೇ.

ನೀವು ಈಗ ಬಾಗಲಕೋಟೆ ದಾಟುವಾಗಲೇ ಫೋನು ಮಾಡುತ್ತೀರಿ, "ಅಜ್ಜೀ, ಬಂದ್ವಿ" ಎಂದು. ನಿಮ್ಮ ಬಸ್ಸು ಎಲ್ಲಿದೆ ಎಂದು ನಾನು ಕೂತಲ್ಲೇ ನೋಡಬಹುದು. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಸಾಕು, ಉಣ್ಣುವ ತಾಟು ಬಿಟ್ಟು ಎಂಜಲು ಕೈಯಲ್ಲೇ ಓಡುತ್ತೀರಿ. ಯಾರು, ಎಲ್ಲಿಯವರು, ಯಾಕೆ ಬಂದಿರಿ ಎಂದು ಕೇಳಿ ಕೇಳಿ ಬಂದವರ ತಲೆ ತಿನ್ನುತ್ತೀರಿ. ನಿಮ್ಮವ್ವ ಬೈಯುತ್ತಾಳೆ. ನಾನು ಬೈಯುವುದಿಲ್ಲ, ನೀವು ಗಮನಿಸಿರಬೇಕು. ಆ ಅಮಾವಾಸ್ಯೆಯ ದಿನ ನಮ್ಮ ಪಂಕ್ತಿಯಲ್ಲಿ ನಿಮ್ಮಂಥ ರೀತಿಗೆಟ್ಟ ಮಗು ಒಂದೇ ಒಂದು ಇದ್ದಿದ್ದರೆ, ನಾನೂ ನನ್ನ ಅಜ್ಜನ ತೊಡೆಯ ಮೇಲೆ ಕೂತು ಬೆಳೆಯುತ್ತಿದ್ದೆ.